ಎರಡನೇ ಲೋಟ

ಅವರ ನೆನಪಾದರೆ ಮೊದಲು ನನ್ನ ನಾಲಿಗೆ ಕಹಿಯಾಗುತ್ತದೆ, ಕಣ್ಣಿಗೆ ನೀರು ಬರುವುದು ಆಮೇಲೆ. ಚಂದಕ್ಕೆ ಬರೆದ ಮಾತು ಅಂದುಕೊಳ್ಳಬೇಡಿ ಮಾರಾಯ್ರೆ, ನಿಜವಾಗಿಯೂ ಕಹಿಯಾಗುತ್ತದೆ. ಬ್ರಹ್ಮಾವರದ ಬಸ್ ನಿಲ್ದಾಣದ ಎದುರು ನನ್ನ ಹೊಲಿಗೆ ಅಂಗಡಿ, ಪಕ್ಕದ ಕೋಣೆಯಲ್ಲಿ ಅವರ ಕಷಾಯದ ಅಂಗಡಿ, ನಡುವೆ ಎದೆಯೆತ್ತರದ ಹಲಗೆ. ವರ್ಷಗಟ್ಟಲೆ, ದಿನಾ ಬೆಳಿಗ್ಗೆ ನಾನು ಮೆಷಿನ್ನಿಗೆ ಎಣ್ಣೆ ಬಿಡುವ ಹೊತ್ತಿಗೆ ಸರಿಯಾಗಿ ಆ ಹಲಗೆಯ ಮೇಲಿಂದ ಸ್ಟೀಲ್ ಲೋಟ ಹಿಡಿದ ಕೈಯೊಂದು ಈಚೆ ಬರುತ್ತಿತ್ತು.

"ಟೈಲರಕ್ಕ, ಇದೊಂಚೂರ್ ಕುಡ್ದ್ ಕಾಣಿ. ಇವತ್ತಿಂದ್ ಬೇರೆ ನಮೂನಿ ಇತ್ತ್."

ಬೇರೆ ನಮೂನೆ ಅಂದರೆ ನಿನ್ನೆಯದು ಹಾಗಲಕಾಯಿ, ಇವತ್ತಿನದು ಅಮೃತಬಳ್ಳಿ. ಆಮೇಲೆ ಕುಡಿಯುತ್ತೇನೆ, ಅಲ್ಲಿಡಿ ಅನ್ನುವ ಹಾಗಿರಲಿಲ್ಲ. ಲೋಟ ಖಾಲಿಯಾಗುವ ತನಕ ಹಲಗೆಯ ಆಚೆ ನಿಂತೇ ಇರುತ್ತಿದ್ದರು. ಮಗುವಿಗೆ ಅನ್ನ ತಿನ್ನಿಸುವ ತಾಯಿ ತಾನೂ ಬಾಯಿ ತೆರೆಯುತ್ತಾಳಲ್ಲ, ಹಾಗೆ ನಾನು ಗುಟುಕು ನುಂಗಿದಾಗಲೆಲ್ಲ ಅವರ ಗಂಟಲೂ ಮೇಲೆ ಕೆಳಗೆ ಆಗುತ್ತಿತ್ತು.

"ಹ್ಯಾಂಗಿತ್ತ್?"

"ಎಂತ ಹ್ಯಾಂಗ್? ಕಹಿ ಇತ್ತ್."

"ಹಾಂ! ಹಾಂಗಾರೆ ಸಮ ಆಯ್ತ್," ಎನ್ನುತ್ತ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗುತ್ತಿದ್ದರು. ಸಿಟ್ಟು ಬರುತ್ತಿತ್ತು ನನಗೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಮುಂದೆ ಬರಬಹುದಾದ ಕಾಯಿಲೆಗೆಲ್ಲ ನನ್ನ ನಾಲಿಗೆ ಏಕೆ ದಂಡ ಕಟ್ಟಬೇಕು?

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನವರಿಗೆ ಗುರುತು ಸಿಗಲಿಕ್ಕಿಲ್ಲ, ಎಲ್ಲರಿಗೂ ಅವರು ಕಷಾಯದೋರು. ಮೂಲ ಕೆರಾಡಿ ಕಡೆ. ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ ಅಣ್ಣನ ಹೋಟೆಲಿನ ಜ್ಯೂಸ್ ಕೌಂಟರಿನಲ್ಲಿ ನಿಂತವರು. ಅಲ್ಲಿ ಹಣ್ಣು ಸ್ವಲ್ಪ, ಸಕ್ಕರೆ ತುಂಬ, ಮಂಜುಗಡ್ಡೆ ಇನ್ನೂ ತುಂಬ ಹಾಕಿ ಹಾಕಿ ಅವರಿಗೆ ಒಂದು ದಿನ ವೈರಾಗ್ಯ ಬಂತಂತೆ. ಜನರಿಗೆ ಸಿಹಿ ಕೊಟ್ಟು ಪಾಪ ಕಟ್ಟಿಕೊಂಡದ್ದು ಸಾಕು, ಇನ್ನು ಆರೋಗ್ಯ ಕೊಡುತ್ತೇನೆ ಎಂದು ತೊಂಬತ್ತೇಳನೇ ಇಸವಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದುಬಿಟ್ಟರು. ಆಗ ನಮ್ಮ ಕಡೆ ಬಾಯಾರಿದರೆ ಸೋಡಾ ಶರಬತ್ತು, ಮೈ ಬಿಸಿಯಾದರೆ ಬೊಂಡ, ಅಂದರೆ ಎಳನೀರು. ಆರೋಗ್ಯಕ್ಕೆಂದು ಕಾಸು ಕೊಟ್ಟು ಏನನ್ನಾದರೂ ಕುಡಿಯುವುದು ಅಂದರೆ ಆಸ್ಪತ್ರೆಯ ಬಾಟ್ಲಿ ಮಾತ್ರ. ಅಂಥ ಕಾಲದಲ್ಲಿ "ಆರೋಗ್ಯ ಪಾನೀಯ" ಎಂದು ಬೋರ್ಡು ಹಾಕಿದರು.

ಕೋಣೆ ಅಣ್ಣನದ್ದು. ಅಣ್ಣ ಎಂದರೆ ಮುಂಬಯಿಯಲ್ಲಿ ಹೆಸರು ಮಾಡಿದ ಹೋಟೆಲಿನವರು, ಒಂದೇ ಮಾತಿನ ಮನುಷ್ಯ. ಬೀಗದ ಕೈ ಕೊಡುವಾಗ ಹೇಳಿದರಂತೆ: "ಕಾಣ್, ಧಂದೆಯಂಗೆ ನಂಗೆ ಒಂದೇ ಪರೀಕ್ಷೆ ಗೊತ್ತಿಪ್ಪುದ್. ಗಿರಾಕಿ ಒಂದ್ ತಿಂದ್ ದುಡ್ ಕೊಟ್ರೆ ಅದ್ ಹಸಿವ್. ಇನ್ನೊಂದ್ ಕೊಡಿ ಅಂದ್ರೆ ಅದ್ ನಮ್ ಮಾಲ್. ಯಾರಾರೂ ಒಬ್ರ್ ಬಾಯ್ ಬಿಟ್ಟ್ 'ಇನ್ನೊಂದ್ ಲೋಟ ಕೊಡಿ' ಅಂದ್ರೆ ಕೋಣಿ ನಿಂದ್. ಇಲ್ದಿರೆ ವಾಪಾಸ್ ಬಂದ್ ಕ್ಯಾಶಿಗ್ ಕೂಕೊ."

ವರ್ಷಕ್ಕೊಂದು ಸಲ ಅಣ್ಣನ ಫೋನು ಬರುವುದು. ಆಗ ಅವರಲ್ಲಿ ಫೋನಿರಲಿಲ್ಲ, ನನ್ನ ಅಂಗಡಿಗೇ ಬರುವುದು. "ಯಾರಾರೂ ಕೇಂಡ್ರಾ?" ಎಂದು ಅಲ್ಲಿಂದ. "ಇನ್ನೆಂತ, ಈಗ ಕೇಂತ್ರ್" ಎಂದು ಇಲ್ಲಿಂದ. ರಿಸೀವರ್ ಇಟ್ಟು ನನ್ನ ಮುಖ ನೋಡುವರು. ನಾನು ಕತ್ತರಿ ಹುಡುಕುವ ನೆಪದಲ್ಲಿ ಬಗ್ಗುವುದು. ಎಷ್ಟೇ ಕರುಣೆ ಬಂದರೂ ಆ ಮಾತು ಮಾತ್ರ ನನ್ನ ಬಾಯಿಂದ ಬರುತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುವುದು. ಬಾರ್ಕೂರಿನ ಹೆಣ್ಣು. ಮದುವೆಯಾದ ಮೇಲೆ ಮುಂಬಯಿಯ ಒಂದು ಖೋಲಿಯಲ್ಲಿ, ಬೆಳಗಿನ ನಳ್ಳಿ ನೀರಿಗೆ ಜಗಳ ಮಾಡಿಕೊಂಡು ಬದುಕಿದವರು. "ಅಲ್ಲಿ ಉಸ್ರ್ ಬಿಡುಕೂ ಕ್ಯೂ ನಿಲ್ಕ್ ಅಕ್ಕ. ಇನ್ನೊಂದ್ ಸಲ ಹೋಯ್ಕಂದ್ರೆ ನಾನ್ ಬದ್ಕುದಿಲ್ಲೆ" ಎಂದು ನನ್ನ ಹತ್ತಿರ ಒಂದೊಂದು ದಿನ ಅಳುತ್ತಿದ್ದರು. ಗಂಡನ ಕಷಾಯದ ಮೇಲೆ ತನ್ನ ಜೀವ ನಿಂತಿದೆ ಎಂದು ಗೊತ್ತಿದ್ದೂ ಆ ಹೆಂಗಸು ಒಂದು ತೊಟ್ಟು ಕಷಾಯ ಬಾಯಿಗೆ ಹಾಕಿದವರಲ್ಲ. "ನಂಗ್ ಎಂತ ಮಂಡಿ ಸಮ ಇಲ್ಯಾ?" ಎಂದು ತಲೆ ಮುಟ್ಟಿ ತೋರಿಸುವುದು.

ಅಂಗಡಿ ನಡೆಯುತ್ತಿದ್ದದ್ದು ಅತ್ತಿಗೆಯಿಂದ. ಅವರ ಎಳ್ಳು ಜ್ಯೂಸು ಅಂದರೆ ಎಳ್ಳು ಜ್ಯೂಸು! ನುಣ್ಣಗೆ ಅರೆದು, ಬೆಲ್ಲ ಹಾಕಿ, ಏಲಕ್ಕಿ ಗುದ್ದಿ, ಮಣ್ಣಿನ ಮಡಕೆಯಲ್ಲಿ ಇಟ್ಟದ್ದು. ಕಷಾಯ ಕುಡಿದವರ ಬಾಯಿ ಸರಿಯಾಗಲಿ ಎಂದು ಅದನ್ನು ಇವರು ಪುಕ್ಕಟೆ ಕೊಡುತ್ತಿದ್ದರು. ಕಾಸು ಕಹಿಗೆ, ಸಿಹಿ ಧರ್ಮಕ್ಕೆ. ಬರೀ ಎಳ್ಳು ಜ್ಯೂಸು ಕೊಡಿ, ಎಷ್ಟಾದರೂ ಕೊಡುತ್ತೇವೆ ಎಂದವರಿಗೆ, "ಅದ್ ಮಾರುಕಿಲ್ಲೆ. ಅದ್ ಮದ್ದಿನ್ ಮೇಲಿಂದ್" ಎಂದು ಖಡಾಖಂಡಿತ ಹೇಳುವರು. ಇಂಥ ವ್ಯಾಪಾರ ಮಾಡಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಜನ ಕಮ್ಮಿಯವರೇ? ಬೆಂಚಿನ ಪಕ್ಕ ಒಂದು ದಾಸವಾಳದ ಕುಂಡ ಇತ್ತು. ಅವರು ಎಳ್ಳು ಜ್ಯೂಸು ತರಲು ಒಳಗೆ ತಿರುಗಿದ್ದೇ ತಡ, ಬೆಂಚಿನಲ್ಲಿದ್ದವರ ಲೋಟಗಳೆಲ್ಲ ಕುಂಡದ ಕಡೆ ಬಾಗುತ್ತಿದ್ದವು. ಇದರಲ್ಲಿ ಪಳಗಿದ ಕೈ ಬಸ್ ಸ್ಟ್ಯಾಂಡಿನ ಏಜೆಂಟನದು. "ಬಾರ್ಕೂರ್, ಬಾರ್ಕೂರ್, ಕೊಕ್ಕರ್ಣೆ" ಎಂದು ಬಸ್ಸುಗಳಿಗೆ ಜನ ತುಂಬಿಸುವ ಈತ ಮಾತು ನಿಲ್ಲಿಸದೆ, ಕುಂಡದ ಕಡೆ ನೋಡದೆ ಒಂದು ತೊಟ್ಟೂ ಹೊರಗೆ ಬೀಳದ ಹಾಗೆ ಸುರಿಯುತ್ತಿದ್ದ. ನನ್ನ ಗ್ರಹಚಾರ, ನಾನಿದ್ದದ್ದು ಹಲಗೆಯ ಈಚೆ, ಕುಂಡ ಆಚೆ. ಇಡೀ ಬ್ರಹ್ಮಾವರದಲ್ಲಿ ಆ ಕಷಾಯವನ್ನು ನಿಜವಾಗಿ ಕುಡಿಯುತ್ತಿದ್ದವರು ಅವರೂ ನಾನೂ ಇಬ್ಬರೇ.

ದಾಸವಾಳ ಮಾತ್ರ ಹುಚ್ಚು ಹಿಡಿದ ಹಾಗೆ ಬೆಳೆಯಿತು. ಹಂಚಿಗೆ ಮುಟ್ಟಿತು, ಬಟ್ಟಲಿನಷ್ಟು ದೊಡ್ಡ ಹೂ ಬಿಟ್ಟಿತು. ಬಂದವರಿಗೆಲ್ಲ ಅದನ್ನು ತೋರಿಸಿ, "ಲೋಟ ತೊಳ್ದ್ ನೀರ್ ಹಾಕುದ್, ಅಷ್ಟೇ. ಬರೀ ತೊಳ್ದ್ ನೀರಿಗೇ ಹೀಂಗಾದ್ರೆ ನಿಮ್ ಹೊಟ್ಟಿಗ್ ಎಷ್ಟ್ ಒಳ್ಳೇದಾಯ್ದಿಕ್ ಹೇಳಿ ಕಾಂಬ!" ಎನ್ನುವರು. ಏಜೆಂಟ ಗಂಭೀರವಾಗಿ ತಲೆ ಆಡಿಸುತ್ತಿದ್ದ.

ಕಾಲಕ್ಕೆ ಹಿಂದೆ ಬಿದ್ದವರು ಅಂದುಕೊಳ್ಳಬೇಡಿ. ಕಾಲಕ್ಕಿಂತ ಎರಡು ಹೆಜ್ಜೆ ಮುಂದೇ ಓಡುತ್ತಿದ್ದರು. ದೊಡ್ಡ ಊರಿನ ವಸ್ತು ಪ್ರದರ್ಶನಗಳಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಹೊಸ ಹೊಸ ಹುಚ್ಚು ತರುವರು. ಲೋಳೆಸರದ ರಸದ ಕಾಲ ಬಂತು, ಆಮೇಲೆ ನೋನಿಯದ್ದು, ಆಮೇಲೆ ಗೋಧಿ ಹುಲ್ಲಿನದ್ದು. ಗೋಧಿ ಹುಲ್ಲನ್ನು ಟ್ರೇಗಳಲ್ಲಿ ಬೆಳೆಸಿ ಅಂಗಡಿ ಮುಂದೆ ಬಿಸಿಲಿಗಿಟ್ಟಾಗ ಬೀದಿಯ ದನವೊಂದು ಇಡೀ ದಾಸ್ತಾನು ತಿಂದು ಹೋಯಿತು. ಮರುದಿನ ಅದೇ ದನ ಪುನಃ ಬಂತು. ಅವರಿಗೆ ಎಂಥ ಸಂಭ್ರಮ! "ಕಂಡ್ರ್ಯಾ ಟೈಲರಕ್ಕ, ಎರಡ್ನೇ ಸಲ ಬಂತ್!" ಎಂದು ಕುಣಿದರು. ಅಣ್ಣನಿಗೆ ಫೋನು ಮಾಡಿ ಹೇಳಿ ಎಂದೂ ಪೀಡಿಸಿದರು. ದನ ಬಾಯಿ ಬಿಟ್ಟು ಕೇಳಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಬೇಕಾಯಿತು.

ರೈಲು ಬಂದ ಹೊಸದರಲ್ಲಿ ಬೈಂದೂರು ಸ್ಟೇಷನ್ನಿಗೂ ಹೋದರು. ಊರೂರಿನ ಜನ ಇಳಿದು ಹತ್ತುವ ಜಾಗ, ಅಲ್ಲಿ ಹೆಸರಾದರೆ ದೇಶಕ್ಕೇ ಹೆಸರು ಎಂಬ ಲೆಕ್ಕ. ರೈಲು ನಿಂತ ಅರೆಗಳಿಗೆಯಲ್ಲಿ ಕಿಟಕಿ ಕಿಟಕಿಗೆ ಲೋಟ ಕೊಟ್ಟರು. ಜನ ಚಹಾ ಅಂದುಕೊಂಡು ತೆಗೆದುಕೊಂಡರು. ಗುಟುಕು ಬಾಯಿಗೆ ಹೋಗುವುದಕ್ಕೂ ರೈಲು ಹೊರಡುವುದಕ್ಕೂ ಸರಿಯಾಯಿತು. ಸಂಜೆ ಬರಿಗೈಯಲ್ಲಿ, ಅಂಗಿಯ ಮೇಲೆಲ್ಲ ಕಂದು ಕಲೆ ಮಾಡಿಕೊಂಡು ಬಂದು ನನ್ನ ಸ್ಟೂಲಿನ ಮೇಲೆ ಕೂತರು.

"ಲೋಟ ಎಲ್ಲಿ?" ಎಂದೆ.

"ಒಬ್ರೂ ವಾಪಾಸ್ ಕೊಡ್ಲಿಲ್ಲೆ ಅಕ್ಕ! ಅಷ್ಟ್ ಮೆಚ್ಚಿ ಹಿಡ್ಕಂಡಿರ್."

"ಅಂಗಿ ಮೇಲ್ ಎಂತದ್?"

ಅವರು ಅಂಗಿ ನೋಡಿಕೊಂಡು, "ಗಾಳಿ ಇತ್ತಲೆ, ರೈಲಿಂದ್" ಎಂದರು. ಎಂಥವರಿಗಾದರೂ ಅಳು ಬರಬೇಕು, ನನಗೆ ನಗು ಬಂತು. ಅವರೂ ನಕ್ಕರು. ಅವರ ಆ ಗುಣ ದೊಡ್ಡದು, ಏಕೆ ನಗುತ್ತಿದ್ದೀರಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಹೆದ್ದಾರಿ ಅಗಲ ಮಾಡುತ್ತಾರೆ ಎಂದು ಗೋಡೆಗಳಿಗೆ ಗುರುತು ಹಾಕಿ ಹೋದರು. ನನ್ನ ಕೋಣೆಯೂ ಹೋಗುವುದು, ಅವರದೂ. ಹಿಂದಿನ ಬೀದಿಯಲ್ಲಿ ಅಣ್ಣ ಆಗಲೇ ಹೊಸ ಕಟ್ಟಡ ಎಬ್ಬಿಸಿದ್ದರು. ಅದರಲ್ಲಿ ಒಂದು ಕೋಣೆ ತಮ್ಮನಿಗೋ, ಮೊಬೈಲ್ ಅಂಗಡಿಯವರಿಗೋ ಎಂಬುದು ಇತ್ಯರ್ಥವಾಗಬೇಕು. "ನಾನೇ ಬತ್ತೆ. ಒಂದ್ ದಿನ ಇಡೀ ಕೂಕಂಡ್ ಕಾಂತೆ. ಒಬ್ಬ ಕೇಂಡ್ರೆ ಸಾಕ್. ಇಲ್ದಿರೆ ಇಬ್ರೂ ಗಂಟ್ ಮೂಟೆ ಕಟ್ಟಿ" ಎಂದು ಫೋನಿನಲ್ಲಿ ಹೇಳಿದರು. ಹಲಗೆಯ ಆಚೆಯಿಂದ ಕೇಳುತ್ತಿದ್ದ ಅತ್ತಿಗೆ ಅಳತೊಡಗಿದರು.

ದಿನ ಗೊತ್ತು ಮಾಡುವ ಸ್ವಾತಂತ್ರ್ಯ ತಮ್ಮನಿಗಿತ್ತು. ಈ ಪುಣ್ಯಾತ್ಮ ಆರಿಸಿದ್ದು ಆಷಾಢದ ಅಮಾವಾಸ್ಯೆ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಆಸಾಡಿ ಅಮಾಸಿಯ ಬೆಳಗ್ಗೆ ನಮ್ಮಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಕ್ರಮ. ವರ್ಷವಿಡೀ ಆ ಮರದ ಹತ್ತಿರ ಸುಳಿಯದವರೂ ಅವತ್ತು ಕುಡಿಯುತ್ತಾರೆ. ಹಿಂದಿನ ದಿನವೇ ಮರಕ್ಕೆ ಗುರುತು ಕಟ್ಟಿ ಬರಬೇಕು, ಸೂರ್ಯ ಹುಟ್ಟುವ ಮೊದಲು ಹೋಗಬೇಕು, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕಾದ ಬಿಳಿಕಲ್ಲನ್ನು ಅದರಲ್ಲಿ ಅದ್ದುವುದು. ಖಾಲಿ ಹೊಟ್ಟೆಗೆ ಒಂದು ಸಣ್ಣ ಲೋಟ, ಮೇಲೆ ತಂಪಿಗೆ ಮೆಂತೆ ಗಂಜಿ. ಇದರಲ್ಲಿ ಅವರು ಒಂದು ಕೂದಲಷ್ಟೂ ಆಚೀಚೆ ಆಗಲು ಬಿಡುವವರಲ್ಲ. ಪ್ರತಿ ವರ್ಷ ನನ್ನಿಂದ ಕೆಂಪು ಬ್ಲೌಸ್ ಬಟ್ಟೆಯ ತುಂಡೊಂದನ್ನು ಕೇಳಿಕೊಂಡು ಹೋಗಿ ಕೆರಾಡಿಯ ಮರಕ್ಕೆ ಕಟ್ಟಿ ಬರುವರು. ತೊಗಟೆ ತರುವವರು ಬೆತ್ತಲೆ ಹೋಗಬೇಕು ಎಂಬ ಹಳೇ ಕ್ರಮವೂ ಉಂಟು. ಅದನ್ನು ಪಾಲಿಸಿದಿರೋ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಆಗಲಿಲ್ಲ.

"ಇಡೀ ಊರೇ ಸಂತೋಷದಂಗೆ ಕಹಿ ಕುಡು ದಿನ ಅಕ್ಕ. ಇದ್ಕಿಂತ ಒಳ್ಳೆ ದಿನ ಯಾವ್ದಿತ್?" ಎಂದರು.

"ಹ್ವಾಯ್, ಎಲ್ಲರೂ ಅವರವರ್ ಮನಿಯಂಗೇ ಕುಡ್ದ್ ಬತ್ರಲೆ?"

"ಮರ ಇಲ್ದಿದ್ದವ್ರ್ ಇಲ್ಯಾ? ಬಾಡಿಗಿ ಮನಿಯವ್ರ್ ಇಲ್ಯಾ?"

ಹೇಳಿ ಪ್ರಯೋಜನವಿಲ್ಲ ಎಂದು ನಾನು ಏಜೆಂಟನನ್ನು ಹಿಡಿದೆ. ಅತ್ತಿಗೆಯ ಕಣ್ಣೀರಿನ ಕಥೆ ಹೇಳಿದೆ. ಅವನ ಮನಸ್ಸು ಕರಗಿತು. "ಅವತ್ ನಾನ್ ಕುಡಿತೆ ಅಕ್ಕ. ನಿಜಕ್ಕೂ ಕುಡಿತೆ. ಕುಡ್ದ್, ಇನ್ನೊಂದ್ ಲೋಟ ಕೊಡಿ ಅಂದೇ ಅಂತೆ" ಎಂದು ಎದೆ ಮುಟ್ಟಿಕೊಂಡ.

ಅಮಾವಾಸ್ಯೆ ಬಂತು. ಜೋರು ಮಳೆ. ಬಿಳಿ ಸಫಾರಿಯಲ್ಲಿ ಅಣ್ಣ ಬಂದರು. ಬೆಂಚಿನ ತುದಿಯಲ್ಲಿ ಕೂರಲು ಜಾಗ ಸಾಲದೆ ದಾಸವಾಳದ ಕುಂಡವನ್ನು ಹೊರಗಿಡಿಸಿ, ಆ ಜಾಗದಲ್ಲಿ ತಮ್ಮ ದೊಡ್ಡ ಕಪ್ಪು ಕೊಡೆಯನ್ನು ಹಿಡಿ ಮೇಲೆ ಮಾಡಿ, ಬಾಯಿ ತೆರೆದ ಹಾಗೆ ಗೋಡೆಗೆ ಒರಗಿಸಿದರು. ಇವರು ದೊಡ್ಡ ಪಾತ್ರೆಯ ಎದುರು ಮಡಿ ಉಟ್ಟು ನಿಂತಿದ್ದರು. ಅತ್ತಿಗೆ ಒಳಗೆ ಮೆಂತೆ ಗಂಜಿ ಕಲಕುತ್ತ ನಿಂತಿದ್ದರು.

ನಾನು ಹೇಳಿದ ಹಾಗೇ ಆಯಿತು. ಬಂದವರೆಲ್ಲ, "ಮನಿಯಂಗೆ ಆಯ್ತ್ ಮಾರಾಯ್ರೆ" ಎನ್ನುವವರೇ. ಇವರಾದರೂ ಬಾಯಿಮಾತಿಗೆ ಒತ್ತಾಯ ಮಾಡಬೇಕೋ ಬೇಡವೋ? "ಆಯ್ತಾ? ಒಳ್ಳೇದಾಯ್ತ್, ಒಳ್ಳೇದಾಯ್ತ್" ಎಂದು ಸಂತೋಷದಿಂದ ಕಳಿಸುತ್ತಿದ್ದರು. ಅಣ್ಣ ಗಡಿಯಾರ ನೋಡುತ್ತಿದ್ದರು. ನನ್ನ ಕಾಲು ಮೆಷಿನ್ನಿನ ಮೇಲೆ ಸುಮ್ಮನೆ ಆಡುತ್ತಿತ್ತು, ಸೂಜಿಯಲ್ಲಿ ನೂಲೇ ಇರಲಿಲ್ಲ.

ಕೊನೆಗೆ ಏಜೆಂಟ ಬಂದ. ನನಗೆ ಕಣ್ಣಿನಲ್ಲೇ ಧೈರ್ಯ ಹೇಳಿ ಲೋಟ ತೆಗೆದುಕೊಂಡ. ಅಣ್ಣನ ಹತ್ತಿರ ಮುಂಬಯಿಯ ಮಳೆ ಹೇಗೆ ಎಂದು ಮಾತು ತೆಗೆದ. ಅಷ್ಟರಲ್ಲಿ ಇವರು ಒಳಗೆ ತಿರುಗಿದರು. ಇಷ್ಟು ವರ್ಷದ ಅಭ್ಯಾಸ, ಕೈ ಅವನ ಮಾತು ಕೇಳಬೇಕಲ್ಲ! ಕುಂಡ ಇದ್ದ ಜಾಗಕ್ಕೆ ಲೋಟ ತನ್ನಷ್ಟಕ್ಕೆ ಬಾಗಿತು. ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ.

ಏಜೆಂಟ ಬಾಯಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, "ಇನ್ನೊಂ..." ಎನ್ನುವುದಕ್ಕೂ, ಅಣ್ಣ "ಸಾಕ್, ಕಂಡದ್ದ್ ಸಾಕ್" ಎಂದು ಎದ್ದು ಕೊಡೆ ಎತ್ತಿ ತಲೆಯ ಮೇಲೆ ಹಿಡಿಯುವುದಕ್ಕೂ ಸರಿಯಾಯಿತು. ಕಷಾಯ ಅವರ ಬೋಳು ತಲೆಯಿಂದ ಕಿವಿಗೆ, ಕಿವಿಯಿಂದ ಬಿಳಿ ಸಫಾರಿಗೆ ಇಳಿಯಿತು. ಸ್ವಲ್ಪ ಬಾಯಿಗೂ ಹೋಯಿತು. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ.

ಇವರು ಕೊಡೆ ನೋಡಿದರು, ಏಜೆಂಟನ ಖಾಲಿ ಲೋಟ ನೋಡಿದರು, ಆಮೇಲೆ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದ ದಾಸವಾಳವನ್ನು ನೋಡಿದರು.

"ಟೈಲರಕ್ಕ, ಯಾವಾಗ್ಳಿಂದ?" ಎಂದರು.

ಸುಳ್ಳು ಹೇಳುವ ಎಂದರೆ ನಾಲಿಗೆ ಏಳಲಿಲ್ಲ. "ಸುರುವಿಂದ್ಲೂ" ಎಂದೆ.

"ಎಲ್ಲರೂ?"

"ನಾನ್ ಒಂದೊಂದ್ ದಿನ ಅರ್ಧ ಕುಡಿತಿದ್ದೆ" ಎಂದ ಏಜೆಂಟ, ಅಳುವ ದನಿಯಲ್ಲಿ.

ಅವರು ಯಾರನ್ನೂ ಬೈಯಲಿಲ್ಲ. ಪಾತ್ರೆಯ ಮುಚ್ಚಳ ಮುಚ್ಚಿದರು, ಪುನಃ ತೆರೆದರು, ಪುನಃ ಮುಚ್ಚಿದರು. ಆ ಹೊತ್ತಿಗೆ ಅತ್ತಿಗೆ ಒಳಗಿಂದ ಬಂದರು. ಗಂಡನ ಕೈಯಿಂದ ಮುಚ್ಚಳ ತೆಗೆದುಕೊಂಡು ಪಕ್ಕಕ್ಕಿಟ್ಟರು. ಒಂದು ಲೋಟ ಬಗ್ಗಿಸಿಕೊಂಡು, ಗಟಗಟ ಒಂದೇ ಉಸಿರಿಗೆ ಕುಡಿದರು. ಮುಖದ ಒಂದು ಗೆರೆ ಅಲುಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಲೋಟವನ್ನು ಗಂಡನ ಎದುರು ಹಿಡಿದರು. ಭಾವನಿಗೂ ಕೇಳುವ ಹಾಗೆ, ಬಸ್ ಸ್ಟ್ಯಾಂಡಿಗೂ ಕೇಳುವ ಹಾಗೆ ಹೇಳಿದರು:

"ಇನ್ನೊಂದ್ ಲೋಟ ಕೊಡಿ."

ಗೆದ್ದೆವು! ಏಜೆಂಟ ಎರಡೂ ಕೈ ಮೇಲೆತ್ತಿದ್ದ.

ಇವರು ಲೋಟ ತೆಗೆದುಕೊಂಡರು. ಹೆಂಡತಿಯ ಮುಖವನ್ನು ಮದುವೆಯ ದಿನ ಕಂಡ ಹಾಗೆ ಕಂಡರು. ಕಣ್ಣು ತುಂಬಿತ್ತು. ಲೋಟವನ್ನು ಮೆತ್ತಗೆ ಕವುಚಿ ಇಟ್ಟು ಹೇಳಿದರು:

"ಆಗ, ಆಪುದಿಲ್ಲೆ ಮಾರಾಯ್ತಿ. ಇದ್ ಒಂದೇ ಲೋಟ ಕುಡುದ್. ಎರಡ್ ಕುಡ್ರೆ ಉಷ್ಣ ಆತ್ತ್."

ಕೇಳಿದಿರಾ? ವರ್ಷವಿಡೀ ಇದ್ದ ಕಷಾಯಗಳಲ್ಲಿ, ಎರಡನೇ ಲೋಟ ಕೊಡಲೇಬಾರದ ಒಂದೇ ಒಂದು ಕಷಾಯದ ದಿನ ಎರಡನೇ ಲೋಟದ ಪರೀಕ್ಷೆ ಇಟ್ಟುಕೊಂಡಿದ್ದ ಮನುಷ್ಯ! ಕ್ರಮ ನಮಗೂ ಗೊತ್ತಿದ್ದದ್ದೇ. ಆದರೆ ಯಾರಾದರೂ ಎರಡನೆಯದು ಕೇಳಿಯಾರು ಎಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲವಾದ್ದರಿಂದ ಇದೂ ಹೊಳೆದಿರಲಿಲ್ಲ.

"ಕೊಡಿ ಅಂದೆ!" ಎಂದು ಅತ್ತಿಗೆ ಕೂಗಿದರು.

"ಆಗ ಅಂದ್ರೆ ಆಗ. ನಿನ್ ಮೈಗ್ ಆಪುದಿಲ್ಲೆ. ಗಂಜಿ ಉಣ್."

"ನಿಮ್ ಕಾಲ್ ಹಿಡಿತೆ, ಕೊಡಿ."

"ಕಾಲ್ ಹಿಡ್ರೂ ಇಲ್ಲೆ."

ಅಣ್ಣ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಬೆಂಚಿನ ಮೇಲೆ ಕೂತು, ಕಷಾಯ ಸುರಿದ ಸಫಾರಿಯಲ್ಲೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅರೇ ಬಾಬಾ, ಇವ್ನ್ ಕರ್ಕ ಹೋಯಿ ಕ್ಯಾಶಿಗ್ ಕೂರ್ಸ್ರೆ ನನ್ ಗತಿ ಎಂತ? ಎರಡ್ನೇ ವಡಿ ಕೇಂಡ್ ಗಿರಾಕಿಗೆ ಹೊಟ್ಟಿ ಹಾಳಾತ್ತ್, ಮನಿಗ್ ಹೋಯ್ನಿ ಅಂಬ! ಬ್ಯಾಡ, ಬ್ಯಾಡ. ನೀನ್ ಮುಂಬಯಿಗ್ ಬಪ್ಪುದೇ ಬ್ಯಾಡ. ಇಲ್ಲೇ ಇರ್." ಕೊಡೆ ಝಾಡಿಸಿ, ಅತ್ತಿಗೆಯ ಕಡೆ ತಿರುಗಿದರು. "ಕೋಣಿ ನಿನ್ ಹೆಸ್ರಿಗೆ. ಎಳ್ ಜ್ಯೂಸ್ ಮಾರ್. ಇವ್ನಿಗ್ ಒಂದ್ ಮೂಲಿ ಕೊಡ್."

ಹಾಗೆ ಹೊಸ ಕಟ್ಟಡದಲ್ಲಿ ದೊಡ್ಡ ಅಕ್ಷರದಲ್ಲಿ ಎಳ್ಳು ಜ್ಯೂಸಿನ ಬೋರ್ಡು, ಕೆಳಗೆ ಸಣ್ಣದಾಗಿ ಕಷಾಯ. ಅದರ ಪಕ್ಕದಲ್ಲೇ ನನ್ನ ಅಂಗಡಿ. ಈ ಸಲ ನಡುವೆ ಕಲ್ಲಿನ ಗೋಡೆ ಬಂತು, ಬದುಕಿದೆ ಅಂದುಕೊಂಡೆ. ಮರುದಿನ ಲೋಟ ಹಿಡಿದು ಬಾಗಿಲಿಗೇ ಬಂದರು. ಆಮೇಲಾಮೇಲೆ ನಾಲ್ಕು ಪಥದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಡ್ರಿಂಕ್ ಇದೆಯಾ, ಡಿಟಾಕ್ಸ್ ಇದೆಯಾ ಎಂದು ಕೇಳುವ ಜನ ಬರತೊಡಗಿದರು. ಲೋಟದ ಫೋಟೋ ತೆಗೆದು, ತುಟಿಗೆ ಮುಟ್ಟಿಸಿ ಇಟ್ಟುಬಿಡುವರು. ಇವರು ಅವರ ಮುಂದೆ ನಿಂತು, ಗಂಟಲು ಮೇಲೆ ಕೆಳಗೆ ಮಾಡುತ್ತ, "ಪೂರ್ತಿ ಕುಡಿನಿ, ಪೂರ್ತಿ" ಎನ್ನುವರು. ದಾಸವಾಳದ ಕುಂಡವನ್ನು ತಾವೇ ಎತ್ತಿ ತಂದು ಬೆಂಚಿನ ಪಕ್ಕದಲ್ಲಿಟ್ಟಿದ್ದರು. ಆಗದವರಿಗೆ ಅದನ್ನು ಕೈ ಮಾಡಿ ತೋರಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ, ಯಾವ ಕಾಯಿಲೆಯೂ ಇಲ್ಲದೆ, ಮಲಗಿದಲ್ಲೇ ಹೋದರು. ಕಷಾಯ ಕುಡಿದೇ ಹೋದರು ಎಂದು ಕೆಲವರು, ಕಷಾಯ ಕುಡಿದೇ ಇಷ್ಟು ದಿನ ಇದ್ದರು ಎಂದು ಕೆಲವರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ಪಂಕ್ತಿಯಲ್ಲೂ ಈ ಚರ್ಚೆ ಮುಗಿಯಲಿಲ್ಲ.

ಆಸಾಡಿ ಅಮಾಸಿಯ ಹಿಂದಿನ ದಿನ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು. "ಅಕ್ಕ, ಒಂದ್ ಕೆಂಪ್ ತುಂಡ್ ಇತ್ತಾ?" ಎಂದರು. ಮರಕ್ಕೆ ಕಟ್ಟಲು ಏಜೆಂಟ ಕೆರಾಡಿಗೆ ಹೋಗುತ್ತಾನಂತೆ. ಕೊಟ್ಟೆ.

ಬೆಳಿಗ್ಗೆ ಅತ್ತಿಗೆಯೇ ಲೋಟ ತಂದುಕೊಟ್ಟರು. ಕುಡಿದೆ. ಅದೇ ಕಹಿ. ಏಕೋ ಏನೋ, ಇಷ್ಟು ವರ್ಷ ಬಾರದ ಮಾತು ಬಾಯಿಗೆ ಬಂದುಬಿಟ್ಟಿತು.

"ಇನ್ನೊಂದ್ ಲೋಟ ಕೊಡಿ ಅತ್ತಿಗೆ" ಎಂದೆ.

ಬೇಡ ಎನ್ನುತ್ತಾರೆ ಎಂದು ಕಾದೆ. ಅತ್ತಿಗೆ ನನ್ನ ಮುಖ ನೋಡಿದರು, ಹೋಗಿ ಇನ್ನೊಂದು ಲೋಟ ತುಂಬಿ ತಂದು ಕೈಗಿಟ್ಟರು. ಆಗಲೇ ನನಗೆ ಅಳು ಬಂದದ್ದು. 'ಆಗ', ಕೂಡದು ಎನ್ನುವ ಮನುಷ್ಯ ಈ ಊರಿನಲ್ಲಿ ಇನ್ನಿಲ್ಲ.

ಅಳುತ್ತಲೇ ಅದನ್ನೂ ಕುಡಿದೆ. ಎರಡು ದಿನ ಬಾಯೆಲ್ಲ ಹುಣ್ಣು, ಮೈಯೆಲ್ಲ ಬೆಂಕಿ. ಅವರು ಹೇಳಿದ್ದು ಸಮವೇ, ಉಷ್ಣವಾಗುತ್ತದೆ.